ಮನೆ ಕಂದಾಯ: ದರ ನೋಡುವ ಮುನ್ನ ದಾಖಲೆ ನೋಡಿ

ಏಪ್ರಿಲ್ ಬಂತೆಂದರೆ ಚಿಕ್ಕಮಗಳೂರು ನಗರಸಭೆ ವ್ಯಾಪ್ತಿಯ ಮನೆಗಳಲ್ಲಿ ಕಂದಾಯದ ಮಾತು ಶುರುವಾಗುತ್ತದೆ. ಆ ತಿಂಗಳು ಮುಗಿಯುವುದರೊಳಗೆ ಇಡೀ ವರ್ಷದ ಆಸ್ತಿ ತೆರಿಗೆ ಕಟ್ಟಿದರೆ ಶೇ 5ರಷ್ಟು ರಿಯಾಯಿತಿ ಸಿಗುತ್ತದೆ. ಹಾಗಾಗಿ ಹೆಚ್ಚಿನವರು ಹಿಂದಿನ ವರ್ಷದ ರಸೀದಿ ಹಿಡಿದು ಹೋಗಿ, ಕಂಪ್ಯೂಟರ್ ತೋರಿಸಿದ ಮೊತ್ತ ಕಟ್ಟಿ ಬರುತ್ತಾರೆ. ಮೊತ್ತ ಜಾಸ್ತಿ ಅನ್ನಿಸಿದರೆ ‘ದರ ಏರಿಸಿದ್ದಾರೆ’ ಎಂದು ಬೇಸರಪಟ್ಟು ಸುಮ್ಮನಾಗುತ್ತಾರೆ. ಆ ಮೊತ್ತ ಯಾವ ಅಂಕಿಗಳಿಂದ ಹುಟ್ಟಿತು ಎಂದು ಚಲನ್ ತಿರುವಿ ನೋಡುವವರು ಕಡಿಮೆ. ಆದರೆ ದರ ಇಡೀ ಊರಿಗೆ ಒಂದೇ. ಅದನ್ನು ಒಬ್ಬ ಮನೆ ಮಾಲೀಕ ಬದಲಿಸಲಾರ. ಅವನ ಮನೆಯ ಬಗ್ಗೆ ಕಡತದಲ್ಲಿ ಬರೆದಿರುವ ಅಳತೆ, ಸೂರು, ವಯಸ್ಸು, ಬಳಕೆ ಇವು ತಪ್ಪಾಗಿದ್ದರೆ ಮಾತ್ರ ತಿದ್ದಿಸಬಹುದು. ವರ್ಷಗಟ್ಟಲೆ ಹೆಚ್ಚಿಗೆ ಹಣ ಸೋರುವುದು ಬಹುಪಾಲು ಅಲ್ಲಿಯೇ.

ಲೆಕ್ಕ ಹುಟ್ಟುವ ಬಗೆ

ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ ಆಧಾರ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ. ಕಡೂರು, ತರೀಕೆರೆ, ಮೂಡಿಗೆರೆ, ಕೊಪ್ಪ, ಶೃಂಗೇರಿ ಪಟ್ಟಣಗಳಿಗೂ ಇದೇ ಅನ್ವಯ. ಹಾಸನದ್ದು ಈಗ ಬೇರೆ ದಾರಿ, ಅದನ್ನು ಕೊನೆಗೆ ನೋಡೋಣ. ಹಿಂದೆ ಬಾಡಿಗೆ ಅಂದಾಜಿನ ಮೇಲೆ ತೆರಿಗೆ ಇತ್ತು. 2002ರ ಸುಮಾರಿಗೆ ಸ್ವಯಂ ಘೋಷಿತ ಆಸ್ತಿ ತೆರಿಗೆ ಪದ್ಧತಿ ಬಂದ ಮೇಲೆ ಲೆಕ್ಕ ಬಂಡವಾಳ ಮೌಲ್ಯಕ್ಕೆ ಹೊರಳಿತು. ಮಾಲೀಕನೇ ತನ್ನ ಆಸ್ತಿಯ ವಿವರ ಘೋಷಿಸಬೇಕು, ಅದರ ಮೇಲೆ ತೆರಿಗೆ ಲೆಕ್ಕ ಹಾಕಿ ಕಟ್ಟಬೇಕು, ಇದು ಆ ಪದ್ಧತಿಯ ತಿರುಳು. ವಿವರ ತಪ್ಪಿದ್ದರೆ ಹೊಣೆಯೂ ಮಾಲೀಕನದೇ ಎಂಬುದನ್ನು ಮರೆಯಬಾರದು.

ಬಂಡವಾಳ ಮೌಲ್ಯಕ್ಕೆ ಎರಡು ಪಾಲು. ಒಂದು ನಿವೇಶನದ್ದು: 1957ರ ಕರ್ನಾಟಕ ಸ್ಟಾಂಪು ಕಾಯ್ದೆಯ 45ಬಿ ಕಲಂ ಪ್ರಕಾರ ಪ್ರಕಟವಾಗುವ ಮಾರ್ಗಸೂಚಿ ಬೆಲೆ ಇದಕ್ಕೆ ಆಧಾರ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಶುಲ್ಕ ಲೆಕ್ಕ ಹಾಕುವುದೂ ಇದೇ ಬೆಲೆಯ ಮೇಲೆ. ಎರಡನೆಯದು ಕಟ್ಟಡದ್ದು: ಸೂರು ಆರ್‌ಸಿಸಿಯೋ, ಮಂಗಳೂರು ಹೆಂಚೋ, ಶೀಟೋ, ನೆಲಹಾಸು ಯಾವುದು ಎಂಬುದರ ಮೇಲೆ ಚದರಡಿಗೆ ಒಂದು ಬೆಲೆ. ಅದರಲ್ಲಿ ಕಟ್ಟಡದ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯುತ್ತಾರೆ. ಹೀಗೆ ಬಂದ ತೆರಿಗೆಗೆ ಒಳಪಡುವ ಮೌಲ್ಯಕ್ಕೆ ನಗರಸಭೆ ನಿಗದಿ ಮಾಡಿದ ಶೇಕಡಾವಾರು ದರ ಹಾಕಿದರೆ ಮೂಲ ತೆರಿಗೆ ಸಿಗುತ್ತದೆ. ವಾಸದ ಮನೆ, ವಾಣಿಜ್ಯ ಕಟ್ಟಡ, ಖಾಲಿ ನಿವೇಶನ, ಈ ಮೂರಕ್ಕೂ ದರ ಬೇರೆ ಬೇರೆ. ಕಾಯ್ದೆ ಹೇಳಿದ ಕನಿಷ್ಠ ಮತ್ತು ಗರಿಷ್ಠದ ನಡುವೆ ನಗರಸಭೆಯೇ ತನ್ನ ದರ ತೀರ್ಮಾನಿಸುತ್ತದೆ. ಆದ್ದರಿಂದ ಕಡೂರಿನ ದರ ಚಿಕ್ಕಮಗಳೂರಿಗೆ ಹೊಂದಬೇಕಿಲ್ಲ.

ಪ್ರತಿ ವರ್ಷ ಏರುವುದು ಏಕೆ? ಹಿಂದೆ ಮೂರು ವರ್ಷಕ್ಕೊಮ್ಮೆ ಶೇ 15ರಷ್ಟು ಏರಿಕೆ ಇತ್ತು. ಈಗ ವರ್ಷಕ್ಕೆ ಶೇ 3ರಿಂದ ಶೇ 5. ಇದರ ಹಿಂದೆ ದಿಲ್ಲಿಯ ಷರತ್ತೂ ಇದೆ. 2020ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಹೆಚ್ಚುವರಿ ಸಾಲ ಎತ್ತಲು ಅನುಮತಿ ಕೊಟ್ಟಾಗ, ಆಸ್ತಿ ತೆರಿಗೆಯ ಕನಿಷ್ಠ ದರವನ್ನು ಮಾರ್ಗಸೂಚಿ ಬೆಲೆಗೆ ಹೊಂದಿಸಬೇಕು ಎಂದು ಒಂದು ಷರತ್ತು ಹಾಕಿತು. ಅನಂತರ 15ನೇ ಹಣಕಾಸು ಆಯೋಗವೂ ನಗರ ಸ್ಥಳೀಯ ಸಂಸ್ಥೆಗಳ ಅನುದಾನಕ್ಕೆ ಇಂಥದ್ದೇ ಕಟ್ಟಳೆ ಇಟ್ಟಿತು: ಕನಿಷ್ಠ ದರ ಪ್ರಕಟಿಸಬೇಕು, ಆಸ್ತಿ ತೆರಿಗೆ ವಸೂಲಿ ರಾಜ್ಯದ ಒಟ್ಟು ಉತ್ಪನ್ನದ ಬೆಳವಣಿಗೆಗೆ ಹೆಜ್ಜೆ ಹಾಕಿ ಏರಬೇಕು. ಅಂದರೆ ತೆರಿಗೆ ಏರಿಸದ ನಗರಸಭೆ ಆ ಅನುದಾನ ಕಳೆದುಕೊಳ್ಳುವ ಸ್ಥಿತಿ ಬಂತು.

ಏರಿಕೆಯನ್ನು ಬರಿಯ ಅಂಕಿಯಲ್ಲಿ ತೂಗಿ ನೋಡಿದರೆ ಹೊಸ ಪದ್ಧತಿ ಹಳೆಯದಕ್ಕಿಂತ ಕಠೋರ ಎನ್ನಲಾಗದು. ವರ್ಷಕ್ಕೆ ಶೇ 3ರಂತೆ ಮೂರು ವರ್ಷಕ್ಕೆ ಆಗುವುದು ಶೇ 9.3, ಶೇ 5ರಂತೆ ಹೋದರೆ ಶೇ 15.8. ಹಳೆಯ ಶೇ 15 ಈ ಎರಡರ ನಡುವೆಯೇ ಬರುತ್ತದೆ. ನಿಜವಾದ ಹೊರೆ ಮಾರ್ಗಸೂಚಿ ಬೆಲೆಯ ಪರಿಷ್ಕರಣೆಯಿಂದ ಬರಬಲ್ಲದು. ಬೈಪಾಸ್ ಹತ್ತಿರ ಹೊಸ ಬಡಾವಣೆ ಬಂದು ಸುತ್ತಲಿನ ಬೆಲೆ ಏರಿದರೆ, ಅಲ್ಲೇ ಮೂವತ್ತು ವರ್ಷದಿಂದ ಇರುವ ಹೆಂಚಿನ ಮನೆಯ ನಿವೇಶನದ ಮೌಲ್ಯವೂ ಏರುತ್ತದೆ. ಮನೆಯವರ ಆದಾಯ ಅದೇ ವೇಗದಲ್ಲಿ ಏರುವುದಿಲ್ಲ. ಈ ಪದ್ಧತಿಯ ದುರ್ಬಲ ಜಾಗ ಇದು. ನಿವೃತ್ತರ, ವಿಧವೆಯರ ಹಳೆಯ ಮನೆಗಳಿಗೆ ಪ್ರತ್ಯೇಕ ರಕ್ಷಣೆ ಬೇಕು ಎಂಬ ಮಾತನ್ನು ನಗರಸಭೆ ಸದಸ್ಯರ ಮುಂದೆ ಎತ್ತಲೇಬೇಕು.

ಚಲನ್‌ನ ಸಾಲುಗಳು

ಮೂಲ ತೆರಿಗೆಯ ಕೆಳಗೆ ಉಪಕರಗಳ ಸಾಲು ಬರುತ್ತದೆ: ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3, ನಗರ ಸಾರಿಗೆ ಕರ ಶೇ 2. ಒಟ್ಟು ಶೇ 26. ಇವು ಮೌಲ್ಯದ ಮೇಲಲ್ಲ, ಮೂಲ ತೆರಿಗೆಯ ಮೇಲೆ. ಗ್ರಂಥಾಲಯ ಕರ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ, ಭಿಕ್ಷುಕರ ಕರ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಿಂದ ಬಂದವು. ವಸೂಲು ಮಾಡುವುದು ನಗರಸಭೆ, ಸೇರಬೇಕಾದದ್ದು ಆಯಾ ಇಲಾಖೆಗೆ. ಘನತ್ಯಾಜ್ಯ ನಿರ್ವಹಣೆ ಶುಲ್ಕ ಇದರಿಂದ ಹೊರಗೆ. ಅದು ಕಟ್ಟಡದ ವಿಸ್ತೀರ್ಣ ಮತ್ತು ಬಳಕೆಗೆ ತಕ್ಕ ನಿಗದಿತ ಮೊತ್ತ.

ಲೆಕ್ಕ ಕಣ್ಣಿಗೆ ಕಟ್ಟಲಿ ಎಂದು ಒಂದು ಉದಾಹರಣೆ. ತೆರಿಗೆಗೆ ಒಳಪಡುವ ಮೌಲ್ಯ 8,00,000 ರೂಪಾಯಿ, ದರ ಶೇ 0.6 ಎಂದಿಟ್ಟುಕೊಳ್ಳಿ. ಮೂಲ ತೆರಿಗೆ 4,800. ಉಪಕರ 1,248. ಸೇರಿ 6,048, ಮೇಲೆ ಘನತ್ಯಾಜ್ಯ ಶುಲ್ಕ. ಮೂಲ ತೆರಿಗೆಯ ಮೇಲೆ ಲೆಕ್ಕ ಹಾಕಿದರೆ ಏಪ್ರಿಲ್ ರಿಯಾಯಿತಿ 240 ರೂಪಾಯಿ. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈ 1ರಿಂದ ತಿಂಗಳಿಗೆ ಶೇ 2 ದಂಡ, ಅಂದರೆ ಈ ಮನೆಗೆ ತಿಂಗಳಿಗೆ 96 ರೂಪಾಯಿ. ಮಾರ್ಚ್‌ವರೆಗೆ ಎಳೆದರೆ ಒಂಬತ್ತು ತಿಂಗಳಿಗೆ 864. ಏಪ್ರಿಲ್‌ನಲ್ಲಿ ಕಟ್ಟಿದವನಿಗೂ ಮಾರ್ಚ್‌ನಲ್ಲಿ ಕಟ್ಟಿದವನಿಗೂ 1,104 ರೂಪಾಯಿ ಅಂತರ. ವರ್ಷಕ್ಕೆ ಶೇ 24ರ ದಂಡವೆಂದರೆ ಯಾವ ಗೃಹಸಾಲಕ್ಕಿಂತಲೂ ದುಬಾರಿ. ಕೈಯಲ್ಲಿ ಹಣವಿಲ್ಲದಿದ್ದರೆ ಜೂನ್ ಕೊನೆಯ ದಿನವನ್ನಾದರೂ ದಾಟಿಸಬೇಡಿ. ಕೆಲವು ವರ್ಷ ಸರ್ಕಾರ ರಿಯಾಯಿತಿಯ ಅವಧಿ ವಿಸ್ತರಿಸಿದ್ದುಂಟು. ಅದನ್ನು ನಂಬಿ ಕೂರುವುದು ಜಾಣತನವಲ್ಲ.

ಕಡತದಲ್ಲಿ ಏನೇನು ತಪ್ಪಿರುತ್ತದೆ

ಮೊದಲನೆಯದು ಅಳತೆ. ಕ್ರಯಪತ್ರದಲ್ಲಿ ನಿವೇಶನ 30x40 ಅಡಿ ಎಂದಿರುತ್ತದೆ, ಅಂದರೆ 1,200 ಚದರಡಿ. ಗಣಕದ ಕಡತ ಚದರ ಮೀಟರ್‌ನಲ್ಲಿ ಇದ್ದರೆ ಅದು 111.48 ಆಗಬೇಕು. ಒಂದು ಚದರ ಮೀಟರ್ ಎಂದರೆ 10.764 ಚದರಡಿ. ಅಡಿಯಲ್ಲಿ ಅಳೆದ ಸಂಖ್ಯೆಯನ್ನು ಮೀಟರ್ ಕಾಲಂಗೆ ಹಾಕಿದರೆ ತೆರಿಗೆ ಹತ್ತು ಪಟ್ಟು ಬಂದು ತಪ್ಪು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಸಣ್ಣ ತಪ್ಪುಗಳು ಬೀಳುವುದಿಲ್ಲ. 40 ಅಡಿಯ ಬದಲು 45 ಎಂದಿದ್ದರೆ ಎಷ್ಟು ವರ್ಷವಾದರೂ ಯಾರಿಗೂ ಅನುಮಾನ ಬರದು.

ಎರಡನೆಯದು ಸೂರು. ಮಲೆನಾಡಿನ ಅಂಚಿನ ಊರಿನಲ್ಲಿ ಇದು ದೊಡ್ಡ ವಿಷಯ. ಮಳೆಗಾಲದಲ್ಲಿ ತಾರಸಿ ಸೋರದಿರಲೆಂದು ಆರ್‌ಸಿಸಿ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸುವುದು ಇಲ್ಲಿ ವಾಡಿಕೆ. ಗೋಡೆಯಿಲ್ಲದ ಈ ಹೊದಿಕೆಯನ್ನು ಸಮೀಕ್ಷೆಗೆ ಬಂದವರು ‘ಒಂದನೇ ಮಹಡಿ, ಶೀಟು’ ಎಂದು ಬರೆದುಕೊಂಡಿದ್ದರೆ ನಿಮ್ಮ ಕಟ್ಟಡದ ವಿಸ್ತೀರ್ಣ ಕಾಗದದ ಮೇಲೆ ಎರಡು ಪಟ್ಟಾಗಿರುತ್ತದೆ. ನಾಲ್ಕೂ ಕಡೆ ಕಾಣುವ ಹಾಗೆ ಫೋಟೊ ತೆಗೆದು ಅರ್ಜಿಗೆ ಲಗತ್ತಿಸಿ, ಸ್ಥಳ ಪರಿಶೀಲನೆ ಕೇಳಿ. ಆದರೆ ಅದೇ ಶೀಟಿನ ಕೆಳಗೆ ಗೋಡೆ ಎಬ್ಬಿಸಿ ಬಾಡಿಗೆಗೆ ಕೊಟ್ಟಿದ್ದರೆ ಅದು ಮಹಡಿಯೇ. ಅದನ್ನು ಘೋಷಿಸದೆ ಇದ್ದರೆ ಮುಂದೆ ವ್ಯತ್ಯಾಸದ ತೆರಿಗೆಯೂ ದಂಡವೂ ಒಟ್ಟಿಗೆ ತಲೆ ಮೇಲೆ ಬೀಳುತ್ತವೆ.

ಮೂರನೆಯದು ಕಟ್ಟಡದ ವಯಸ್ಸು. ಬಸವನಹಳ್ಳಿಯಲ್ಲೋ ಕೋಟೆ ಬಡಾವಣೆಯಲ್ಲೋ ಇರುವ ಹಳೆಯ ಮನೆಗೆ ಸವಕಳಿ ಹೆಚ್ಚು ಸಿಗಬೇಕು. ಖಾತೆ ಬದಲಾದ ವರ್ಷವನ್ನೇ ಕಟ್ಟಿದ ವರ್ಷವೆಂದು ನಮೂದಿಸಿದ್ದರೆ ಆ ಸವಕಳಿ ಕೈತಪ್ಪುತ್ತದೆ. ಮನೆಯ ವಯಸ್ಸಿಗೆ ಪುರಾವೆ ಎಂದರೆ ಕಟ್ಟಡ ಪರವಾನಗಿ. ಅದು ಕಳೆದಿದ್ದರೆ ಹಳೆಯ ಕಂದಾಯ ರಸೀದಿ, ಮೆಸ್ಕಾಂ ಮೀಟರ್ ಜೋಡಣೆಯಾದ ದಿನಾಂಕ, ನೀರಿನ ನಲ್ಲಿ ಸಂಪರ್ಕದ ಕಾಗದ ಇವನ್ನು ಮುಂದಿಡಿ. ಹಾಸನದವರಿಗೆ ಮೀಟರಿನ ಕಾಗದ ಅಲ್ಲಿನ ವಿದ್ಯುತ್ ಕಂಪನಿ ಸೆಸ್ಕ್‌ನಿಂದ ಸಿಗುತ್ತದೆ.

ನಾಲ್ಕನೆಯದು ಬಳಕೆ. ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಟ್ಟಡ ಮಾರ್ಕೆಟ್ ರಸ್ತೆ, ಎಂ.ಜಿ. ರಸ್ತೆಯ ಉದ್ದಕ್ಕೂ ಇವೆ. ವಾಣಿಜ್ಯ ದರ ಅಂಗಡಿಯ ವಿಸ್ತೀರ್ಣಕ್ಕೆ ಮಾತ್ರ ಬೀಳಬೇಕು. ಇಡೀ ಕಟ್ಟಡ ‘ವಾಣಿಜ್ಯ’ ಎಂದಿದ್ದರೆ ಮಹಡಿವಾರು ವಿಂಗಡಿಸಿ ಎಂದು ಕೇಳಿ. ಅಂಗಡಿ ಮುಚ್ಚಿ ಮತ್ತೆ ಮನೆಯಾಗಿ ಬಳಸುತ್ತಿದ್ದರೆ ವಿದ್ಯುತ್ ಮೀಟರನ್ನು ಮೊದಲು ಗೃಹಬಳಕೆಗೆ ಬದಲಿಸಿಕೊಳ್ಳಿ. ಮೀಟರ್ ವಾಣಿಜ್ಯದ್ದಾಗಿ ಉಳಿದರೆ ಕಂದಾಯ ನಿರೀಕ್ಷಕರು ನಿಮ್ಮ ಮಾತು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ನಿವೇಶನ ದೊಡ್ಡದಿದ್ದು ಮನೆ ಚಿಕ್ಕದಿದ್ದರೆ ಉಳಿದ ಜಾಗವನ್ನು ಯಾವ ಲೆಕ್ಕದಲ್ಲಿ ಹಿಡಿದಿದ್ದಾರೆ ಎಂಬುದನ್ನೂ ಇದೇ ಹೊತ್ತಿಗೆ ಕೇಳಿ ತಿಳಿಯಿರಿ.

ಹೋಂಸ್ಟೇ ನಡೆಸುವವರಿಗೆ ಒಂದು ಮಾತು. ಕುಟುಂಬ ವಾಸವಿದ್ದು, ಒಂದೆರಡು ಕೋಣೆ ಅತಿಥಿಗಳಿಗೆ ಬಿಟ್ಟು, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿಕೊಂಡವರು ಆ ನೋಂದಣಿ ಪತ್ರವನ್ನು ತೆರಿಗೆ ಕಡತಕ್ಕೆ ಸೇರಿಸಬೇಕು. ನೋಂದಣಿಯಿಲ್ಲದೆ ಇಡೀ ಮನೆಯನ್ನು ದಿನಬಾಡಿಗೆಗೆ ಬಿಟ್ಟು ವಾಸದ ದರ ಕೇಳುವುದು ನಿಲ್ಲುವ ವಾದವಲ್ಲ. ಗಿರಿಯ ತಪ್ಪಲಿನ ಬಹುಪಾಲು ಹೋಂಸ್ಟೇಗಳು ಗ್ರಾಮ ಪಂಚಾಯಿತಿ ವ್ಯಾಪ್ತಿಯವು, ಅವುಗಳ ತೆರಿಗೆ ಪಂಚಾಯಿತಿಗೆ.

ಐದನೆಯದು ಹೆಸರು. ತಂದೆ ತೀರಿಕೊಂಡು ವರ್ಷಗಳಾದರೂ ಅವರ ಹೆಸರಿನಲ್ಲೇ ಕಂದಾಯ ಕಟ್ಟುತ್ತಾ ಬರುವ ಮನೆಗಳು ಲೆಕ್ಕವಿಲ್ಲದಷ್ಟು. ತೆರಿಗೆ ಕಟ್ಟಲು ಇದರಿಂದ ಅಡ್ಡಿಯಿಲ್ಲ. ಆದರೆ ಸಾಲ, ಮಾರಾಟ, ಆದಾಯ ತೆರಿಗೆಯ ಕಡಿತ ಎಲ್ಲದಕ್ಕೂ ಅದು ತೊಡರುಗಾಲಾಗುತ್ತದೆ. ಮರಣ ಪ್ರಮಾಣ ಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಅಥವಾ ನೋಂದಾಯಿತ ವಿಭಾಗಪತ್ರ ಇಷ್ಟಿದ್ದರೆ ಖಾತೆ ಬದಲಾವಣೆಗೆ ಅರ್ಜಿ ಹಾಕಬಹುದು. ಅಣ್ಣತಮ್ಮಂದಿರು ಮಾತಾಡಿಕೊಳ್ಳುವ ಸ್ಥಿತಿಯಲ್ಲಿರುವಾಗಲೇ ಈ ಕೆಲಸ ಮುಗಿಸುವುದು ಒಳ್ಳೆಯದು.

ತಿದ್ದುಪಡಿಗೆ ಹೋಗುವಾಗ ಬಾಯಿಮಾತಿನ ದೂರು ಪ್ರಯೋಜನಕ್ಕೆ ಬಾರದು. ಮೊದಲು ಆಸ್ತಿಯ ಪಿಐಡಿ ಸಂಖ್ಯೆ (ಪ್ರತಿ ಆಸ್ತಿಗೆ ಕೊಡುವ ಗುರುತಿನ ಸಂಖ್ಯೆ) ಹಿಡಿದು, ನಗರದ ಆಸ್ತಿಗಳ ದಾಖಲೆಯಿರುವ ಇ-ಆಸ್ತಿ ತಂತ್ರಾಂಶದ ನಕಲು ತೆಗೆದುಕೊಳ್ಳಿ. ಪಕ್ಕದಲ್ಲಿ ಕ್ರಯಪತ್ರ ಇಟ್ಟುಕೊಂಡು ಅಳತೆ, ಚಕ್ಕುಬಂದಿ, ಮಹಡಿ, ಸೂರು, ವರ್ಷ, ಬಳಕೆ ಒಂದೊಂದನ್ನೇ ಹೋಲಿಸಿ. ತಪ್ಪು ಕಂಡದ್ದನ್ನು ‘ಕಡತದಲ್ಲಿ ಹೀಗಿದೆ, ವಾಸ್ತವ ಹೀಗಿದೆ, ಪುರಾವೆ ಇಂತಿದೆ’ ಎಂದು ಪೌರಾಯುಕ್ತರ ಹೆಸರಿಗೆ ಅರ್ಜಿ ಬರೆದು, ಎರಡನೇ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಖಾತೆ ಬದಲಾವಣೆಯಂಥ ಸೇವೆ ಸಕಾಲ ಯೋಜನೆಯಲ್ಲಿದೆ, ಅದರ ಸಂಖ್ಯೆ ಕೇಳಿ ಪಡೆಯಿರಿ. ಅವಧಿ ಮೀರಿದರೆ ಮೇಲ್ಮನವಿಗೆ ಆ ಸಂಖ್ಯೆಯೇ ಆಧಾರ. ಅರ್ಜಿ ಇತ್ಯರ್ಥವಾಗಲಿ ಎಂದು ತೆರಿಗೆ ಕಟ್ಟದೆ ನಿಲ್ಲಿಸಬೇಡಿ, ಶೇ 2ರ ದಂಡ ಯಾರ ಅರ್ಜಿಗೂ ಕಾಯುವುದಿಲ್ಲ. ಆಕ್ಷೇಪಣೆಗೆ ಒಳಪಟ್ಟು ಕಟ್ಟುತ್ತಿದ್ದೇನೆ ಎಂದು ಪತ್ರ ಕೊಟ್ಟು ಕಟ್ಟಿ, ತಿದ್ದುಪಡಿಯಾದ ಮೇಲೆ ಹೆಚ್ಚಿಗೆ ಕಟ್ಟಿದ್ದನ್ನು ಮುಂದಿನ ವರ್ಷಕ್ಕೆ ಹೊಂದಿಸಲು ಕೇಳಿ.

ರಸೀದಿ ಇದ್ದ ಮಾತ್ರಕ್ಕೆ

‘ಇಪ್ಪತ್ತು ವರ್ಷದಿಂದ ಕಂದಾಯ ಕಟ್ಟಿದ್ದೇವೆ, ಜಾಗ ನಮ್ಮದೇ’ ಎಂಬ ಮಾತು ಕೇಳಿಬರುತ್ತದೆ. ತೆರಿಗೆ ರಸೀದಿ ಹಕ್ಕಿನ ಪತ್ರವಲ್ಲ. ಅನಧಿಕೃತ ಕಟ್ಟಡಕ್ಕೂ ತೆರಿಗೆ ಹಾಕುವ ಅಧಿಕಾರ ಸ್ಥಳೀಯ ಸಂಸ್ಥೆಗಿದೆ, ಹಾಗೆ ಕಟ್ಟಿದ್ದರಿಂದ ಅದು ಸಕ್ರಮವಾಗುವುದಿಲ್ಲ. ಈ ಮಾತು ರೆವಿನ್ಯೂ ಸೈಟು, ಅಂದರೆ ಭೂ ಪರಿವರ್ತನೆಯಾಗದ ಜಮೀನಿನಲ್ಲಿ ಮಾಡಿದ ನಿವೇಶನ, ಕೊಂಡವರಿಗೆ ತುಂಬ ಮುಖ್ಯ.

ಭೂ ಪರಿವರ್ತನೆಯಾಗಿ, ನಗರಾಭಿವೃದ್ಧಿ ಪ್ರಾಧಿಕಾರದಿಂದ ಬಡಾವಣೆ ನಕ್ಷೆ ಅನುಮೋದನೆಯಾದ ನಿವೇಶನಗಳಿಗೆ ಸಿಗುವುದು ಎ-ಖಾತಾ. ಇವೆರಡೂ ಇಲ್ಲದೆ ಬರಿಯ ನೋಂದಾಯಿತ ಕ್ರಯಪತ್ರದ ಮೇಲೆ ನಿಂತ ಆಸ್ತಿಗಳಿಗೆ ಬಿ-ಖಾತಾ ಕೊಡುವ ಅಭಿಯಾನವನ್ನು ಸರ್ಕಾರ 2025ರ ಫೆಬ್ರುವರಿಯಲ್ಲಿ ಶುರು ಮಾಡಿತು. 2024ರ ಸೆಪ್ಟೆಂಬರ್ 10ರ ಒಳಗೆ ನೋಂದಣಿಯಾದ ಆಸ್ತಿಗಳಿಗೆ ಅದು ಅನ್ವಯ. ಕ್ರಯಪತ್ರ, ಋಣಭಾರ ಪತ್ರ, ತೆರಿಗೆ ರಸೀದಿ, ಮಾಲೀಕರ ಫೋಟೊ, ಗುರುತಿನ ಚೀಟಿ, ಸ್ವತ್ತಿನ ಫೋಟೊ ಬೇಕು. ಮೊದಲ ವರ್ಷ ತೆರಿಗೆ ಎರಡು ಪಟ್ಟು, ಆಮೇಲೆ ಎಲ್ಲರಂತೆ ಒಂದೇ ಪಟ್ಟು. ಎರಡನೇ ವರ್ಷವೂ ದುಪ್ಪಟ್ಟು ಬೇಡಿಕೆ ಬಂದರೆ ತಕ್ಷಣ ಲಿಖಿತವಾಗಿ ಕೇಳಿ. ಬಿ-ಖಾತಾ ಸಿಕ್ಕಿತೆಂದು ಬಡಾವಣೆ ಅಧಿಕೃತವಾಗಲಿಲ್ಲ. ಕಟ್ಟಡ ಪರವಾನಗಿ, ಬ್ಯಾಂಕ್ ಸಾಲದ ವಿಷಯದಲ್ಲಿ ಅಡಚಣೆ ಹಾಗೇ ಉಳಿಯುತ್ತದೆ. ಹೀಗಿದ್ದೂ ಬಿ-ಖಾತಾ ಮಾಡಿಸಿಕೊಳ್ಳುವುದು ವಿವೇಕ. ನೋಂದಣಿಗೆ ಇ-ಖಾತೆ (ಗಣಕೀಕೃತ ಖಾತೆ) ಕಡ್ಡಾಯವಾದ ಮೇಲೆ ಅದಿಲ್ಲದ ಆಸ್ತಿಯನ್ನು ಮಾರುವುದಾಗಲಿ, ಮಕ್ಕಳ ಹೆಸರಿಗೆ ದಾನಪತ್ರ ಮಾಡುವುದಾಗಲಿ ಆಗದು.

ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಕಾಯ್ದೆ ಬೇರೆ, 1993ರ ಪಂಚಾಯತ್ ರಾಜ್ ಕಾಯ್ದೆ. ಅಲ್ಲಿ ದಾಖಲೆ ಇ-ಸ್ವತ್ತು ತಂತ್ರಾಂಶದಲ್ಲಿ: ಕ್ರಮಬದ್ಧ ಆಸ್ತಿಗೆ ನಮೂನೆ 9 ಮತ್ತು 11ಎ, ಉಳಿದವಕ್ಕೆ 11ಬಿ. ನಗರಕ್ಕೆ ಅಂಟಿಕೊಂಡ ಪಂಚಾಯಿತಿಗಳಲ್ಲಿ ಸೈಟು ಕೊಳ್ಳುವವರು ‘ಖಾತೆ ಇದೆ’ ಎಂಬ ಮಾತಿಗೆ ತೃಪ್ತರಾಗದೆ ಅದು 11ಎಯೋ 11ಬಿಯೋ ಎಂದು ಕಣ್ಣಾರೆ ನೋಡಬೇಕು. ಬೆಲೆಯಲ್ಲಿ ಲಕ್ಷಗಳ ವ್ಯತ್ಯಾಸ ಆ ಒಂದು ಅಕ್ಷರದಲ್ಲಿದೆ.

ಯಾರಿಗೆ ಏನು ವಿನಾಯಿತಿ

ಮನೆ ಮಾಲೀಕರಿಗೆ ತೆರಿಗೆಯನ್ನೇ ಮರಳಿಸುವ ಯೋಜನೆ ಇಲ್ಲಿಲ್ಲ. ಇರುವುದು ಏಪ್ರಿಲ್ ರಿಯಾಯಿತಿ, ಕೆಲವರಿಗೆ ವಿನಾಯಿತಿ, ಮತ್ತು ಆದಾಯ ತೆರಿಗೆಯಲ್ಲಿ ಕಡಿತ. ಮಾಜಿ ಸೈನಿಕರು ತಾವು ವಾಸಿಸುವ ಸ್ವಂತ ಮನೆಗೆ ಶೇ 50ರ ವಿನಾಯಿತಿ ಪಡೆಯಬಹುದು. ಇದು ತಾನಾಗಿ ಬರುವುದಿಲ್ಲ. ಸೈನಿಕ ಕಲ್ಯಾಣ ಇಲಾಖೆಯ ಗುರುತಿನ ಚೀಟಿ, ಸೇವಾ ದಾಖಲೆ, ಆ ಮನೆಯಲ್ಲಿ ತಾವೇ ವಾಸವಿದ್ದೇವೆ ಎಂಬ ಘೋಷಣೆ ಕೊಟ್ಟು ಕಡತದಲ್ಲಿ ನಮೂದು ಮಾಡಿಸಬೇಕು. ಸೈನಿಕರ ಮನೆಗಳು ಹೆಚ್ಚಿರುವ ಹಾಸನ ಜಿಲ್ಲೆಯಲ್ಲಿ ಇದು ಇನ್ನೂ ಹೆಚ್ಚು ಮನೆಗೆ ಮುಟ್ಟಬೇಕು.

ಈಗ ಆದಾಯ ತೆರಿಗೆ. ನೀವೇ ವಾಸಿಸುವ ಮನೆಗೆ ಕಟ್ಟಿದ ಕಂದಾಯದಿಂದ ಆದಾಯ ತೆರಿಗೆಯಲ್ಲಿ ಯಾವ ಲಾಭವೂ ಇಲ್ಲ. ಅಂಥ ಮನೆಯ ವಾರ್ಷಿಕ ಮೌಲ್ಯವೇ ಸೊನ್ನೆ ಎಂದು ಹಿಡಿಯುವುದರಿಂದ ಕಳೆಯಲು ಏನೂ ಉಳಿಯುವುದಿಲ್ಲ. ಪೇಟೆಯಲ್ಲೊಂದು, ಮೂಡಿಗೆರೆ ಕಡೆ ಹಿರಿಯರ ಮನೆ ಇನ್ನೊಂದು ಇದ್ದರೂ ಎರಡಕ್ಕೂ ಸೊನ್ನೆಯೇ. 2025ರ ಬಜೆಟ್ ಇದಕ್ಕಿದ್ದ ಷರತ್ತನ್ನೂ ತೆಗೆದುಹಾಕಿತು. ಮೂರನೇ ಮನೆ ಖಾಲಿ ಇದ್ದರೂ ಬಾಡಿಗೆಗೆ ಕೊಟ್ಟಂತೆ ಲೆಕ್ಕ.

ಬಾಡಿಗೆ ಮನೆಯಾದರೆ ಲಾಭವಿದೆ, ಎರಡು ಷರತ್ತಿನ ಮೇಲೆ: ತೆರಿಗೆಯನ್ನು ಮಾಲೀಕರೇ ಕಟ್ಟಿರಬೇಕು, ಆ ವರ್ಷದೊಳಗೆ ನಿಜವಾಗಿ ಕಟ್ಟಿರಬೇಕು. ತಿಂಗಳಿಗೆ 12,000 ಬಾಡಿಗೆ ಬಂದರೆ ವರ್ಷಕ್ಕೆ 1,44,000. ಕಟ್ಟಿದ ಆಸ್ತಿ ತೆರಿಗೆ 5,000 ಕಳೆದರೆ 1,39,000. ಇದರಲ್ಲಿ ಶೇ 30, ಅಂದರೆ 41,700, ದುರಸ್ತಿ ಇತ್ಯಾದಿಗೆಂದು ಯಾವ ರಸೀದಿಯೂ ಇಲ್ಲದೆ ಕಳೆಯಬಹುದು. ಉಳಿಯುವುದು 97,300. ಆಸ್ತಿ ತೆರಿಗೆಯನ್ನು ಮಾರ್ಚ್ 31ರೊಳಗೆ ಕಟ್ಟದಿದ್ದರೆ 1,44,000ರಲ್ಲಿ ಶೇ 30 ಕಳೆದು 1,00,800. ಅಂತರ 3,500. ಶೇ 20ರ ಹಂತದಲ್ಲಿರುವವರಿಗೆ ಸೆಸ್ ಸೇರಿ ಇದು 728 ರೂಪಾಯಿ. ಹಳೆಯ ಬಾಕಿಯನ್ನು ಈ ವರ್ಷ ಒಟ್ಟಿಗೆ ತೀರಿಸಿದರೆ, ಬಾಕಿ ಯಾವ ವರ್ಷದ್ದಾದರೂ, ಕಟ್ಟಿದ ವರ್ಷದ ಲೆಕ್ಕದಲ್ಲೇ ಕಡಿತ ಸಿಗುತ್ತದೆ. ಬಾಡಿಗೆದಾರರೇ ಕಂದಾಯ ಕಟ್ಟುವ ಕರಾರು ಮಾಡಿಕೊಂಡಿದ್ದರೆ ಮಾಲೀಕರಿಗೆ ಕಡಿತವಿಲ್ಲ. ಹೀಗಾಗಿ ಬಾಡಿಗೆಯಲ್ಲೇ ಆ ಮೊತ್ತ ಸೇರಿಸಿ ತಾವೇ ಕಟ್ಟುವುದು ಲೇಸು. ಕೆಳಗೆ ತಾವಿದ್ದು ಮೇಲ್ಮಹಡಿ ಬಾಡಿಗೆಗೆ ಕೊಟ್ಟವರು ಒಂದೇ ರಸೀದಿಯ ಮೊತ್ತವನ್ನು ವಿಸ್ತೀರ್ಣದ ಪ್ರಕಾರ ಪಾಲು ಮಾಡಿ ಮೇಲ್ಮಹಡಿಯ ಭಾಗವನ್ನಷ್ಟೇ ಕಳೆಯಬೇಕು.

ಈ ಕಡಿತ ಮತ್ತು ಶೇ 30 ಎರಡೂ ಹೊಸ ತೆರಿಗೆ ಪದ್ಧತಿಯಲ್ಲೂ ಉಳಿದಿವೆ. ಉಳಿಯದೇ ಇರುವುದು ಸ್ವಂತ ವಾಸದ ಮನೆಯ ಸಾಲದ ಬಡ್ಡಿ. ಹಳೆಯ ಪದ್ಧತಿ ಆರಿಸಿಕೊಂಡವರಿಗೆ ವರ್ಷಕ್ಕೆ 2 ಲಕ್ಷದವರೆಗೆ ಬಡ್ಡಿ, 1.5 ಲಕ್ಷದ ಒಟ್ಟು ಮಿತಿಯೊಳಗೆ ಅಸಲು ಮತ್ತು ನೋಂದಣಿ ವೆಚ್ಚ ಕಳೆಯಲು ಅವಕಾಶವಿದೆ. ಹೊಸ ಪದ್ಧತಿಯಲ್ಲಿ ಇವೆರಡೂ ಇಲ್ಲ. ಬಾಡಿಗೆ ಮನೆಯ ಸಾಲದ ಬಡ್ಡಿಯನ್ನು ಹೊಸ ಪದ್ಧತಿಯಲ್ಲೂ ಬಾಡಿಗೆಯಿಂದ ಕಳೆಯಬಹುದು. ಆದರೆ ಅದರಿಂದ ನಷ್ಟ ಬಂದರೆ ಸಂಬಳಕ್ಕೆ ಹೊಂದಿಸುವಂತಿಲ್ಲ. ಯಾವುದನ್ನೂ ಆರಿಸದಿದ್ದರೆ ಹೊಸ ಪದ್ಧತಿಯೇ ತಾನಾಗಿ ಅನ್ವಯವಾಗುತ್ತದೆ. ದೊಡ್ಡ ಗೃಹಸಾಲ ಇರುವವರು ಎರಡೂ ಲೆಕ್ಕ ಹಾಕಿಯೇ ತೀರ್ಮಾನಿಸಬೇಕು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದ್ದು, ಕಲಂಗಳ ಸಂಖ್ಯೆ ಬದಲಾಗಿದೆ. ಬಡ್ಡಿಗೆ ಹಳೆಯ 24(ಬಿ), ಅಸಲಿಗೆ 80ಸಿ ಕಲಂಗಳ ಹೆಸರನ್ನೇ ಹೇಳುವ ಸಲಹೆಗಾರರ ಹತ್ತಿರ ಹೊಸ ಸಂಖ್ಯೆ ಕೇಳಿಕೊಳ್ಳಿ.

ಹೊಸದಾಗಿ ಮನೆ ಮಾಡುವವರಿಗೆ ಇನ್ನೊಂದಿದೆ. ಪ್ರಧಾನ ಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿ ವರ್ಷಕ್ಕೆ 9 ಲಕ್ಷದವರೆಗೆ ಆದಾಯವಿದ್ದು ದೇಶದಲ್ಲೆಲ್ಲೂ ಪಕ್ಕಾ ಮನೆ ಇಲ್ಲದ ಕುಟುಂಬಕ್ಕೆ, 35 ಲಕ್ಷದವರೆಗಿನ ಮನೆಗೆ ತೆಗೆದ 25 ಲಕ್ಷದವರೆಗಿನ ಸಾಲದಲ್ಲಿ ಮೊದಲ 8 ಲಕ್ಷಕ್ಕೆ ಶೇ 4ರ ಬಡ್ಡಿ ಸಹಾಯಧನ ಸಿಗುತ್ತದೆ. ಗರಿಷ್ಠ 1.80 ಲಕ್ಷ, ಐದು ವಾರ್ಷಿಕ ಕಂತುಗಳಲ್ಲಿ. ಸಾಲ ಸಿಗಬೇಕಾದರೆ ಕಾಗದ ಸರಿ ಇರಬೇಕು, ಬಿ-ಖಾತಾ ಸೈಟಿನವರು ಮುಗ್ಗರಿಸುವುದು ಇಲ್ಲಿಯೇ.

ಹಾಸನದ ವಿಷಯ

ಹಾಸನ ನಗರಸಭೆಯನ್ನು ಸರ್ಕಾರ ಮಹಾನಗರ ಪಾಲಿಕೆಯಾಗಿ ಮೇಲ್ದರ್ಜೆಗೇರಿಸಿದೆ. ಪಾಲಿಕೆಗೆ ಅನ್ವಯವಾಗುವುದು 1976ರ ಮಹಾನಗರ ಪಾಲಿಕೆಗಳ ಕಾಯ್ದೆ. ಮಾರ್ಗಸೂಚಿ ಬೆಲೆ, ಸವಕಳಿ, ಏಪ್ರಿಲ್ ರಿಯಾಯಿತಿ, ತಿಂಗಳ ದಂಡ ಇವುಗಳ ಚೌಕಟ್ಟು ಹೆಚ್ಚು ಬದಲಾಗದು. ಬದಲಾಗಬಲ್ಲದ್ದು ದರ. ಅದಕ್ಕಿಂತ ಹೆಚ್ಚಿನ ಗೊಂದಲ ಸುತ್ತಲಿನ ಪಂಚಾಯಿತಿಗಳಿಂದ ಪಾಲಿಕೆಗೆ ಸೇರುವ ಹಳ್ಳಿಗಳದು. ಅಲ್ಲಿನ ಆಸ್ತಿಗಳು ಇ-ಸ್ವತ್ತಿನಿಂದ ಇ-ಆಸ್ತಿಗೆ ಬರಬೇಕು, ಹೊಸ ಪಿಐಡಿ ಸಂಖ್ಯೆ ಪಡೆಯಬೇಕು. ಕೊಟ್ಟಿಗೆ, ಹುಲ್ಲಿನ ಶೆಡ್ಡು, ಹಿತ್ತಲು ಇವು ಹೊಸ ಕಡತದಲ್ಲಿ ಹೇಗೆ ನಮೂದಾಗುತ್ತವೆ ಎಂಬುದರ ಮೇಲೆ ಮುಂದಿನ ಎಲ್ಲ ವರ್ಷಗಳ ತೆರಿಗೆ ನಿಂತಿರುತ್ತದೆ. ಸಮೀಕ್ಷೆಯವರು ಬಂದಾಗ ಮನೆಯಲ್ಲಿ ಹಿರಿಯರೊಬ್ಬರೇ ಇದ್ದು ‘ನೀವೇ ಬರ್ಕೊಳ್ಳಿ’ ಎಂದುಬಿಟ್ಟರೆ ಆಮೇಲೆ ತಿದ್ದಿಸಲು ತಿಂಗಳುಗಟ್ಟಲೆ ಓಡಾಡಬೇಕು. ಆ ಹಳ್ಳಿಗಳವರು ಈಗಲೇ ಪಿಡಿಒ ಕಚೇರಿಯಿಂದ ನಮೂನೆ 9, 11ರ ದೃಢೀಕೃತ ನಕಲು, ಬಾಕಿ ಇಲ್ಲವೆಂಬ ಪತ್ರ, ಕಟ್ಟಡ ಪರವಾನಗಿಯ ಪ್ರತಿ ತೆಗೆದಿಟ್ಟುಕೊಳ್ಳಬೇಕು. ಪಂಚಾಯಿತಿ ಕಡತ ಪಾಲಿಕೆಗೆ ಹಸ್ತಾಂತರವಾಗುವ ನಡುವಿನ ಅವಧಿಯಲ್ಲಿ ಕಟ್ಟಿದ ತೆರಿಗೆಯ ರಸೀದಿಯನ್ನಂತೂ ಜೋಪಾನ ಮಾಡಲೇಬೇಕು. ಹೊಸ ತಂತ್ರಾಂಶದಲ್ಲಿ ಅದೇ ವರ್ಷ ಮತ್ತೆ ಬಾಕಿ ಎಂದು ತೋರಿಸಿದರೆ ಮುಂದಿಡಲು ಇರುವ ಪುರಾವೆ ಅದೊಂದೇ.